ಸ್ಮಾರ್ಟ್ ಬೋರ್ಡ್ ಕೊಳ್ಳುವ ಮುನ್ನ: ಚಿತ್ರದುರ್ಗ ಜಿಲ್ಲೆಯ ಶಾಲೆಗಳಿಗೆ ಯಂತ್ರ ಕೊಡುವವರಿಗೊಂದು ಬಹಿರಂಗ ಪತ್ರ

ಜಿಲ್ಲೆಯ ಶಾಲೆಗಳಿಗೆ ಕಂಪ್ಯೂಟರು, ಟ್ಯಾಬು, ಸ್ಮಾರ್ಟ್ ಬೋರ್ಡುಗಳನ್ನು ಮಂಜೂರು ಮಾಡುವ ಅಧಿಕಾರಿಗಳಿಗೆ, ಹಣ ಒದಗಿಸುವ ಜನಪ್ರತಿನಿಧಿಗಳಿಗೆ ಮತ್ತು ದಾನಿಗಳಿಗೆ, ಅವುಗಳನ್ನು ಬರಮಾಡಿಕೊಳ್ಳುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ.

ಮಾನ್ಯರೇ,

ಹೊಸದುರ್ಗ, ಮೊಳಕಾಲ್ಮುರು, ಚಳ್ಳಕೆರೆ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಟ್ಟು 31 ವರ್ಷ ಪಾಠ ಮಾಡಿ ನಿವೃತ್ತನಾದ ಶಿಕ್ಷಕ ನಾನು. ಹಳೆಯ ಸಹೋದ್ಯೋಗಿಗಳು ಮದುವೆ ಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕಾಗ ಈಗ ಮೊದಲು ಬರುವ ಮಾತು, ಅವರ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತೇ ಇಲ್ಲವೇ ಎಂಬುದು. ಬಂದವರು ಸ್ವಲ್ಪ ಎದೆಯುಬ್ಬಿಸಿ ಹೇಳುತ್ತಾರೆ, ಬಾರದವರು ಯಾರನ್ನು ಹಿಡಿದರೆ ಬಂದೀತು ಎಂದು ವಿಚಾರಿಸುತ್ತಾರೆ. ಬಂದ ಮೇಲೆ ಯಾವ ಮಗುವಿಗೆ ಏನು ಸುಲಭವಾಯಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರ ತಪ್ಪೇನೂ ಇಲ್ಲ. ಬೋರ್ಡ್ ಮಂಜೂರು ಮಾಡುವಾಗಲೂ ಆ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಅದನ್ನು ಕೊಳ್ಳುವ ಮೊದಲೇ ಕೇಳಬೇಕು, ಮಕ್ಕಳನ್ನು ನೋಡಿ ಯಂತ್ರವನ್ನು ಆರಿಸಬೇಕೇ ಹೊರತು ಯಂತ್ರ ತಂದಿಟ್ಟು ಎಲ್ಲ ಮಕ್ಕಳನ್ನೂ ಅದರ ಮುಂದೆ ಕೂರಿಸಬಾರದು ಎಂಬುದಷ್ಟೇ ನನ್ನ ಅರಿಕೆ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ನಮ್ಮ ಶಾಲೆಗೂ ಅಂಥದೊಂದು ಬೋರ್ಡ್ ಬಂತು. ಟೇಪು ಕತ್ತರಿಸಿದ್ದಾಯಿತು, ಭಾಷಣಗಳಾದವು, ಬಂದವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದ್ದಾಯಿತು. ಏಳನೆಯ ತರಗತಿಯ ಮಕ್ಕಳನ್ನು ಕೂರಿಸಿ ಹೃದಯ ಕೆಲಸ ಮಾಡುವ ಬಗೆಯನ್ನು ತೋರಿಸಿದರು. ಕೆಂಪು ರಕ್ತ ಒಂದು ಕಡೆಯಿಂದ, ನೀಲಿ ಬಣ್ಣ ಕೊಟ್ಟ ರಕ್ತ ಇನ್ನೊಂದು ಕಡೆಯಿಂದ ಹರಿಯುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ನೋಡುತ್ತಿದ್ದೆ, ಏಕೆಂದರೆ ಅಷ್ಟು ವರ್ಷ ಸೀಮೆಸುಣ್ಣದಲ್ಲಿ ನಾನು ಬರೆದ ಹೃದಯ ಬದನೆಕಾಯಿಯಂತೆಯೇ ಕಾಣುತ್ತಿತ್ತು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಮಾತ್ರ ತಲೆ ತಗ್ಗಿಸಿ ಲಂಗದ ಅಂಚನ್ನು ಮಡಿಸುತ್ತ ಕುಳಿತಿದ್ದಳು. ಅವಳಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ದಪ್ಪಕ್ಷರದ ತಲೆಬರಹಗಳನ್ನು ಓದಬಲ್ಲಳು, ಉಳಿದದ್ದನ್ನು ಕೇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಕಪ್ಪು ಹಲಗೆಯ ಕಾಲದಲ್ಲಿ ಅವಳು ಎದ್ದು ಬಂದು ಹಲಗೆಗೆ ಮುಖ ಹಚ್ಚಿ, ಬೆರಳಿಟ್ಟು ಅಕ್ಷರ ಗುರುತಿಸುತ್ತಿದ್ದಳು. ಹೊಸ ಬೋರ್ಡಿನ ಮುಂದೆಯೂ ಹಾಗೆಯೇ ಬಂದು ಬೆರಳಿಟ್ಟಳು; ಬೆರಳು ತಾಗಿದೊಡನೆ ಚಿತ್ರ ಸರಿದು ಮುಂದಿನ ಪುಟ ಬಂತು, ಹಿಂದಿನ ಸಾಲಿನ ಹುಡುಗರು ಹೋ ಎಂದು ಕೂಗಿದರು. ಆಮೇಲೆ ಅವಳು ಎದ್ದು ಬರಲಿಲ್ಲ.

ಲಕ್ಷ ರೂಪಾಯಿ ದಾಟಿದ ಆ ಯಂತ್ರ ತರಗತಿಯ ಬಹುಪಾಲು ಮಕ್ಕಳಿಗೆ ಒಂದಿಷ್ಟು ಹೆಚ್ಚು ಕೊಟ್ಟು, ಒಬ್ಬ ಹುಡುಗಿಯಿಂದ ಇದ್ದದ್ದನ್ನೂ ಕಿತ್ತುಕೊಂಡಿತು. ಆಕೆಗೆ ಏನು ಬೇಕಿತ್ತು ಎಂಬುದು ನನಗೆ ಗೊತ್ತಾದದ್ದು ಆ ವಾರದಲ್ಲೇ, ಅದೂ ಆಕಸ್ಮಿಕವಾಗಿ. ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ತಾಲ್ಲೂಕು ಮಟ್ಟದ ಬಿಐಇಆರ್‌ಟಿ ಶಿಕ್ಷಕಿಯೊಬ್ಬರು ಶಾಲೆಗೆ ಬಂದಿದ್ದಾಗ ನನ್ನ ಹಳೆಯ ಮೊಬೈಲನ್ನು ಇಸಿದುಕೊಂಡು ಅದರಲ್ಲಿ ಟಾಕ್‌ಬ್ಯಾಕ್ ಚಾಲೂ ಮಾಡಿ ತೋರಿಸಿದರು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಈ ಸೌಲಭ್ಯ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇದ್ದೇ ಇರುತ್ತದೆ, ಕನ್ನಡವನ್ನೂ ಓದುತ್ತದೆ, ಅದಕ್ಕಾಗಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಕಂಪ್ಯೂಟರಿಗಾದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. 2006ರಲ್ಲಿ ಅದನ್ನು ಕಟ್ಟಲು ತೊಡಗಿದವರು ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನರೇ. ಎಂಟು ವರ್ಷ ಆ ಫೋನನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ ನನಗೆ ಅದರೊಳಗೆ ಒಬ್ಬ ಓದುಗನಿದ್ದಾನೆಂದು ತಿಳಿದಿರಲಿಲ್ಲ.

ಆದರೆ ಮೊದಲ ದಿನವೇ ಎಡವಿದೆವು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದ ಸಮಾಜ ವಿಜ್ಞಾನ ಪಾಠದ ಪಿಡಿಎಫ್ ತೆರೆದು ಅವಳ ಕಿವಿಗೆ ಹಿಡಿದರೆ, ಫೋನು "ಪಿ, ಎ, ಪೌಂಡ್, ಎ" ಎಂದು ಏನೇನೋ ಒದರತೊಡಗಿತು. ಹುಡುಗಿ ಸ್ವಲ್ಪ ಹೊತ್ತು ಕೇಳಿ, "ಸಾರ್, ಇದು ಇಂಗ್ಲಿಷ್ ಪುಸ್ತಕನಾ?" ಎಂದಳು. ಅಲ್ಲ, ಅದು ಶುದ್ಧ ಕನ್ನಡದ ಪಾಠ. ನಡೆದದ್ದೇನೆಂದರೆ, ನಮ್ಮಲ್ಲಿ ದಶಕಗಳ ಕಾಲ ಕನ್ನಡವನ್ನು ಅಚ್ಚು ಮಾಡಿದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿವೆ. ಕಣ್ಣಿಗೆ "ಕನ್ನಡ" ಎಂದು ಕಾಣುವ ಪದದ ಹೊಟ್ಟೆಯಲ್ಲಿ ಇಂಗ್ಲಿಷಿನ ಪಿ ಅಕ್ಷರ, ಪೌಂಡ್ ನಾಣ್ಯದ ಗುರುತು, ಒಂದು ಜರ್ಮನ್ ಅಕ್ಷರ, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೆರೆಯುಳ್ಳ ಎ ಅಕ್ಷರಗಳು ಕುಳಿತಿರುತ್ತವೆ. ಕಣ್ಣಿರುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಓದಿ ಹೇಳುವ ಯಂತ್ರ ಕಾಣುವುದು ಹೊಟ್ಟೆಯೊಳಗಿನದನ್ನೇ.

ಈ ಕಾಯಿಲೆಗೆ ಮದ್ದು ಬಂದು ಕಾಲವೇ ಆಯಿತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ ಎಂಬ ಏರ್ಪಾಡಿನ ಮೊದಲ ಆವೃತ್ತಿಯಲ್ಲಿ, ಅಂದರೆ 1991ರಲ್ಲೇ, ಕನ್ನಡದ ಅಕ್ಷರಗಳಿಗೆ ಸ್ವಂತ ಜಾಗ ಸಿಕ್ಕಿದೆ. ‘ನುಡಿ’, ‘ಬರಹ’ ಎಂಬ ಹೆಸರಿನ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿಕೊಟ್ಟ ಉಪಕಾರವನ್ನು ಮರೆಯಲಾಗದು, ಅವೇ ಈಗ ಯೂನಿಕೋಡ್‌ನಲ್ಲೂ ಬರೆಯಲು ಬಿಡುತ್ತವೆ, ಹಳೆಯ ಬರಹವನ್ನು ಹೊಸದಕ್ಕೆ ಬದಲಾಯಿಸುವ ಪರಿವರ್ತಕಗಳೂ ಇವೆ. ಉಳಿದಿರುವುದು ಅಭ್ಯಾಸ ಮಾತ್ರ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ಪಾಸಿಂಗ್ ಪ್ಯಾಕೇಜ್, ಅಭ್ಯಾಸ ಹಾಳೆ, ಸುತ್ತೋಲೆ ಇವೆಲ್ಲ ಇಂದಿಗೂ ಎಷ್ಟೋ ಕಡೆ ಹಳೆಯ ಫಾಂಟಿನಲ್ಲೋ, ಇನ್ನೂ ಕೆಟ್ಟದಾಗಿ, ಜೆರಾಕ್ಸ್ ಪ್ರತಿಯ ಫೋಟೋ ಆಗಿಯೋ ಮಕ್ಕಳಿಗೆ ತಲುಪುತ್ತವೆ. ಜಿಲ್ಲೆಯಲ್ಲಿ ಶಾಲೆಗಳಿಗಾಗಿ ತಯಾರಾಗುವ ಪ್ರತಿಯೊಂದು ಬರಹವೂ ಯೂನಿಕೋಡ್‌ನಲ್ಲಿಯೇ ಇರಬೇಕು ಎಂದು ಒಂದು ಸಾಲಿನ ಆದೇಶ ಹೊರಡಿಸಿದರೆ, ಒಂದು ರೂಪಾಯಿ ಖರ್ಚಿಲ್ಲದೆ, ಕಣ್ಣು ಕಾಣದ ಮಕ್ಕಳಷ್ಟೇ ಅಲ್ಲ, ಓದಲು ತಿಣುಕುವ ಎಲ್ಲ ಮಕ್ಕಳಿಗೂ ಆ ಬರಹ ದನಿಯಾಗಿ ಸಿಗುತ್ತದೆ. ಹಕ್ಕುಸ್ವಾಮ್ಯದ ಅಡ್ಡಿಯನ್ನು ಯಾರಾದರೂ ಮುಂದಿಟ್ಟರೆ, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಾಯಿಸಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ ಎಂಬುದನ್ನು ಅವರಿಗೆ ನೆನಪಿಸಬಹುದು.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. 1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದು ಏಳು ಬಗೆಯ ಅಂಗವೈಕಲ್ಯಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ಏರಿಸಿತು. ಶಾಲಾ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕು, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು, ಪಠ್ಯದಲ್ಲೂ ಪರೀಕ್ಷೆಯಲ್ಲೂ ತಕ್ಕ ಮಾರ್ಪಾಡು ಮಾಡಬೇಕು ಎಂದು ಅದರ 17ನೆಯ ಕಲಮು ಹೇಳುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದರಲ್ಲಿ ಒಂದು ಪಾಲು ಯಾರ ಔದಾರ್ಯವೂ ಅಲ್ಲ, ಬಾಕಿ.

ಆ 21ರಲ್ಲಿ ಒಂದು, ಕಲಿಕೆಯ ನಿರ್ದಿಷ್ಟ ನ್ಯೂನತೆ. ಅದು ಮುಖ ನೋಡಿದರೆ ಕಾಣುವುದಿಲ್ಲ, ಆದ್ದರಿಂದ ಅದಕ್ಕೆ ನಾವು ಇಟ್ಟ ಹೆಸರು ದಡ್ಡತನ. ಗೊಲ್ಲರಹಟ್ಟಿಯಿಂದ ಬರುತ್ತಿದ್ದ ಹುಡುಗನೊಬ್ಬನನ್ನು ನಾಲ್ಕು ವರ್ಷ ನಾನೂ ಹಾಗೆಯೇ ತಿಳಿದಿದ್ದೆ, ಇದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ರಜೆಯಲ್ಲಿ ಅಪ್ಪನ ಜೊತೆ ಕುರಿ ಕಾಯುತ್ತಿದ್ದ ಆ ಹುಡುಗನಿಗೆ ಮಂದೆಯಲ್ಲಿ ಒಂದು ಮರಿ ಕಡಿಮೆಯಾದರೂ ಎಣಿಸದೆ ಗೊತ್ತಾಗುತ್ತಿತ್ತು. ಸಂತೆಯಲ್ಲಿ ಜೋಡಿ ಕುರಿಯ ಬೆಲೆಯನ್ನು ಬಿಡಿಸಿ ಕೂಡಿಸಿ ಬಾಯಲ್ಲೇ ಹೇಳುತ್ತಿದ್ದ. ಅದೇ ಲೆಕ್ಕ ಪುಸ್ತಕದಲ್ಲಿ "ಒಬ್ಬ ವ್ಯಾಪಾರಿಯು" ಎಂದು ಶುರುವಾದರೆ ಮೊದಲ ಎರಡು ಪದ ದಾಟಲು ಅವನಿಗೆ ಅರ್ಧ ನಿಮಿಷ ಬೇಕು. "ವಾ" ಎನ್ನುತ್ತಿದ್ದ, ಕೆಳಗಿನ ಒತ್ತು ಕಣ್ಣಿಗೆ ಬಿದ್ದ ಮೇಲೆ "ಯಾ" ಎನ್ನುತ್ತಿದ್ದ, ಕೊನೆಗೆ "ಯಾಪಾರಿ" ಎಂದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. "ವರ್ಷ" ಎಂಬ ಪದದಲ್ಲಿ ಮೊದಲು ಕೇಳುವ ರಕಾರವನ್ನು ಷಕಾರ ಬರೆದಾದ ಮೇಲೆ ಅರ್ಕಾವೊತ್ತಾಗಿ ಹಾಕುತ್ತೇವೆ. ಬಲ್ಲವರಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ, ಅವನಿಗೆ ಪ್ರತಿ ಸಲವೂ ಹೊಸ ಒಗಟು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಓದಲು ತೊಡಕಿರುವ ಮಕ್ಕಳಿಗೆಂದು ಮಾರಾಟಕ್ಕೆ ಬರುವ ತಂತ್ರಾಂಶಗಳಲ್ಲಿ ಹೆಚ್ಚಿನವು ಇಂಗ್ಲಿಷಿಗಾಗಿ ಮಾಡಿದವು. ಬಿ ಮತ್ತು ಡಿ ಅಕ್ಷರಗಳು ಕನ್ನಡಿಯೊಳಗಿನಂತೆ ತಿರುವುಮುರುವಾಗುವುದು ಅಲ್ಲಿನ ಮಕ್ಕಳ ತೊಂದರೆ. ನಮ್ಮ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ, ಹೊಟ್ಟೆ ಸೀಳುವ ಮಹಾಪ್ರಾಣದಲ್ಲಿ, ಮ ಮತ್ತು ವು ಒಂದೇ ಥರ ಕಾಣುವಲ್ಲಿ, ಕಾಗುಣಿತದ ಏತ್ವ ಓತ್ವಗಳಲ್ಲಿ. ಹೊರಗಿನ ತಂತ್ರಾಂಶಕ್ಕೆ ಕನ್ನಡದ ಅಂಗಿ ತೊಡಿಸಿ ತಂದವರನ್ನು ಈ ನಾಲ್ಕು ವಿಷಯಗಳಲ್ಲಿ ಪ್ರಶ್ನಿಸಿ ನೋಡಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಆ ಹುಡುಗನಿಗೆ ನೆರವಾದದ್ದು ಅದೇ ಹಳೆಯ ಫೋನು ಮತ್ತು ಸಂತೆಯಲ್ಲಿ ತಂದ ಇಯರ್‌ಫೋನು. ಲೆಕ್ಕದ ವಾಕ್ಯಗಳನ್ನು ಟೈಪ್ ಮಾಡಿ ಕೊಟ್ಟೆ, ಫೋನು ಓದಿತು, ಅವನು ಎರಡು ಸಲ ಕೇಳಿ ಉತ್ತರ ಬರೆದ. ಹತ್ತರಲ್ಲಿ ಎಂಟು ಸರಿಯಿದ್ದವು. ತಪ್ಪಾದ ಎರಡರಲ್ಲಿ ಒಂದು ನಾನೇ ತಪ್ಪಾಗಿ ಟೈಪ್ ಮಾಡಿದ್ದು. ಓದು ಕಲಿಸುವ ಕೆಲಸ ಅದರಿಂದ ಮುಗಿಯಿತೆಂದಲ್ಲ, ಅದು ಬೇರೆಯಾಗಿ, ನಿಧಾನವಾಗಿ ನಡೆಯಲೇಬೇಕು. ಓದು ಬರುವವರೆಗೆ ಗಣಿತವನ್ನೂ ವಿಜ್ಞಾನವನ್ನೂ ಅವನಿಂದ ದೂರವಿಡುವ ಅನ್ಯಾಯವಾದರೂ ತಪ್ಪಿತು. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯಿದೆ. ಅದಕ್ಕೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ತಪಾಸಣೆಯಾಗಬೇಕು. ಕುರಿ ಬಿಟ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಲು ಹಟ್ಟಿಯ ತಂದೆಗೆ ಎಷ್ಟು ದಿನ ಸಾಧ್ಯ? ತಪಾಸಣೆ ಮಾಡಬಲ್ಲವರನ್ನು ವರ್ಷಕ್ಕೆರಡು ಬಾರಿ ತಾಲ್ಲೂಕು ಕೇಂದ್ರಕ್ಕೆ ಕರೆಸುವುದು ಒಂದು ಬೋರ್ಡಿನ ಬೆಲೆಯೊಳಗೆ ಆಗುವ ಕೆಲಸ.

ಬಗೆಬಗೆಯ ಕಲಿಯುವವರು ಎಂದಾಗ ಅಂಗವೈಕಲ್ಯವಿರುವ ಮಕ್ಕಳಷ್ಟೇ ನನ್ನ ಮನಸ್ಸಿನಲ್ಲಿಲ್ಲ. ಹೊಸದುರ್ಗ, ಹೊಳಲ್ಕೆರೆ ಕಡೆಯ ಲಂಬಾಣಿ ತಾಂಡಾಗಳಿಂದ ಒಂದನೆಯ ತರಗತಿಗೆ ಬರುವ ಮಗುವಿಗೆ ಅವ್ವ ಎಂದರೆ ಯಾಡಿ, ನೀರೆಂದರೆ ಪಾಣಿ, ರೊಟ್ಟಿಯೆಂದರೆ ಬಾಟಿ. ಆಂಧ್ರದ ಗಡಿಗೆ ಅಂಟಿಕೊಂಡ ಮೊಳಕಾಲ್ಮುರಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಇಂಥ ಮಗು ಮೊದಲ ಆರು ತಿಂಗಳು ಸುಮ್ಮನೆ ಕುಳಿತಿದ್ದರೆ ಅದು ಕಲಿಯುತ್ತಿಲ್ಲವೆಂದಲ್ಲ, ಕಿವಿಗೆ ಬೀಳುವುದನ್ನು ಮನೆಯ ಮಾತಿಗೆ ಹೊಂದಿಸಿಕೊಳ್ಳುತ್ತಿರುತ್ತದೆ. ಹೊಸದುರ್ಗದಲ್ಲಿದ್ದಾಗ ನನ್ನ ಸಹಶಿಕ್ಷಕಿಯೊಬ್ಬರು ಒಂದು ಉಪಾಯ ಮಾಡಿದ್ದರು. ತಾಂಡಾದ ಮುದುಕಿಯೊಬ್ಬರ ಬಾಯಿಂದ ನರಿಯ ಕಥೆಯೊಂದನ್ನು ಲಂಬಾಣಿಯಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮೊದಲು ಅದನ್ನು ಕೇಳಿಸಿ, ಆಮೇಲೆ ಅದೇ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಮುದುಕಿ ನಡುವೆ ಕೆಮ್ಮಿದ್ದೂ, ಯಾರೋ ಮೇಕೆಯನ್ನು ಗದರಿದ್ದೂ ಅದರಲ್ಲಿತ್ತು. ತಮ್ಮ ಅಜ್ಜಿಯ ದನಿ ಶಾಲೆಯೊಳಗೆ ಕೇಳಿದ ದಿನ ಮಾತೇ ಆಡದಿದ್ದ ಮೂವರು ಮಕ್ಕಳು ಒಟ್ಟಿಗೆ ಬಾಯಿ ತೆರೆದರು. ಇದಕ್ಕಿಂತ ಒಳ್ಳೆಯ ಶಿಕ್ಷಣ ತಂತ್ರಜ್ಞಾನವನ್ನು ನನ್ನ ಸೇವಾವಧಿಯಲ್ಲಿ ನಾನು ನೋಡಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಇಂಥ ಇಪ್ಪತ್ತು ಮೂವತ್ತು ಕಥೆಗಳ ದನಿ ಸಂಗ್ರಹ ಮಾಡುವುದು ಒಂದು ಬೇಸಿಗೆ ರಜೆಯ ಕೆಲಸ, ಚಿತ್ರದುರ್ಗದಲ್ಲೇ ಆಕಾಶವಾಣಿ ನಿಲಯವೂ ಇದೆ.

ಇನ್ನು ಕಾಫಿ ಕೊಯ್ಲಿಗೆಂದು ತಂದೆತಾಯಿಯ ಜೊತೆ ಚಿಕ್ಕಮಗಳೂರಿಗೋ ಕೊಡಗಿಗೋ ಹೋಗಿ ಎರಡು ಮೂರು ತಿಂಗಳ ಮೇಲೆ ಮರಳುವ ಮಕ್ಕಳು. ಅವರು ಬರುವ ಹೊತ್ತಿಗೆ ಪಾಠ ಭಿನ್ನರಾಶಿ ದಾಟಿ ದಶಮಾಂಶಕ್ಕೆ ಹೋಗಿರುತ್ತದೆ, ಬಿಟ್ಟುಹೋದದ್ದನ್ನು ಹಿಂದಕ್ಕೆ ಹೋಗಿ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಒಂದೊಂದು ಮಗುವೂ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುವ ಏರ್ಪಾಡು ನಮಗೆ ಹೊಸದೇನಲ್ಲ. ಅದರ ಹೆಸರು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಎಲ್ಲೆಡೆಗೆ ಬಂದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಎಂದು ಕರೆಯುವ ಬೇರೆ ಬೇರೆ ಗುಂಪುಗಳಲ್ಲಿ ಕುಳಿತು, ಪಾಠಗಳನ್ನು ಹಂತಹಂತವಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಕಾರ್ಡು ಹುಡುಕಿಕೊಂಡು, ಕೆಲವೊಮ್ಮೆ ಶಿಕ್ಷಕರಿಂದ, ಕೆಲವೊಮ್ಮೆ ಪಕ್ಕದ ಮಗುವಿನಿಂದ, ಕೆಲವೊಮ್ಮೆ ತಾವಾಗಿಯೇ ಕಲಿಯುತ್ತಾರೆ. ಸರಿಯಾಗಿ ನಡೆಸಲು ಅದು ಕಷ್ಟ, ಕಾರ್ಡುಗಳು ಹರಿಯುತ್ತವೆ, ಶಿಕ್ಷಕರು ಸಾಲುವುದಿಲ್ಲ, ಎಲ್ಲ ದೂರುಗಳೂ ನನಗೆ ಗೊತ್ತು, ಕೆಲವನ್ನು ನಾನೇ ಮಾಡಿದ್ದೇನೆ. ಆದರೂ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪುಟದಲ್ಲಿರಬೇಕಾಗಿಲ್ಲ ಎಂಬ ತಿಳಿವಳಿಕೆ ಅದರ ಬುಡದಲ್ಲಿತ್ತು. ನಾಲ್ಕನೆಯ ತರಗತಿಗೆ ಕಾಲಿಟ್ಟ ದಿನವೇ ಆ ಏಣಿಯನ್ನು ತೆಗೆದುಬಿಡುತ್ತೇವೆ, ಎಲ್ಲರಿಗೂ ಒಂದೇ ಪುಟ ತೆರೆಸುತ್ತೇವೆ. ಸ್ಮಾರ್ಟ್ ಬೋರ್ಡ್ ಮಾಡುವುದು ಆ ಒಂದೇ ಪುಟವನ್ನು ಇನ್ನಷ್ಟು ದೊಡ್ಡದಾಗಿ ತೋರಿಸುವ ಕೆಲಸ.

ನಾಲ್ಕನೆಯ ತರಗತಿಯಿಂದ ಆಚೆಗೆ ಅದೇ ಏಣಿಯನ್ನು ಯಂತ್ರದ ನೆರವಿನಿಂದ ಮುಂದುವರಿಸಿದರೆ ಏನಾಗಬಹುದು ಎಂಬುದಕ್ಕೆ ದೆಹಲಿಯಲ್ಲಿ ನಡೆದ ಒಂದು ಅಧ್ಯಯನವನ್ನು ನೋಡಬಹುದು. 619 ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಾಲೆಯ ಹೊತ್ತಿನಾಚೆ, ಪ್ರತಿ ಮಗುವಿನ ಮಟ್ಟವನ್ನು ಅಳೆದು ಅಲ್ಲಿಂದಲೇ ಪಾಠ ಕೊಡುವ ಕಂಪ್ಯೂಟರ್ ತಂತ್ರಾಂಶವನ್ನೂ, ಜೊತೆಗೆ ಸಣ್ಣ ಗುಂಪಿನ ಪಾಠವನ್ನೂ ಒದಗಿಸಿದರು. 2019ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂದಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ನಾಲ್ಕೂವರೆ ತಿಂಗಳಲ್ಲಿ ಈ ಗುಂಪಿನ ಮಕ್ಕಳು ಗಣಿತ, ಹಿಂದಿ ಎರಡರಲ್ಲೂ ಗಮನಾರ್ಹವಾಗಿ ಮುಂದೆ ಬಂದಿದ್ದರು. ನನಗೆ ಹೆಚ್ಚು ನಾಟಿದ್ದು ಅದರಲ್ಲಿನ ಇನ್ನೊಂದು ಸಂಗತಿ: ಆರನೆಯ ತರಗತಿಯಲ್ಲಿ ಕುಳಿತ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಹಾಗಾದರೆ ಆರನೆಯ ತರಗತಿಯ ಪುಟವನ್ನು ಎಷ್ಟು ಚೆಂದವಾಗಿ ಗೋಡೆಯ ಮೇಲೆ ಮೂಡಿಸಿದರೂ ಅದು ಯಾರಿಗಾಗಿ? ಇದಕ್ಕೆ ಎದುರಾಗಿ ಪೆರು ದೇಶದಲ್ಲಿ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಹಂಚಿದ ಯೋಜನೆಯಿದೆ. 319 ಗ್ರಾಮೀಣ ಶಾಲೆಗಳನ್ನು ಹೋಲಿಸಿ 2012ರಲ್ಲಿ ನೋಡಿದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಏರಿರಲಿಲ್ಲ. ದೆಹಲಿಯಲ್ಲಿ ಕಂಪ್ಯೂಟರು ಮಗುವಿನ ಮಟ್ಟ ಹುಡುಕಿತು, ಪೆರುವಿನಲ್ಲಿ ಮಗುವಿನ ಕೈಗೆ ಬಂತು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ಮಕ್ಕಳು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ, ಕೆಲವರು ಕೈಯಿಂದ, ಅವರವರ ಶೈಲಿಗೆ ತಕ್ಕಂತೆ ಕಲಿಸಿ ಎಂದು ತರಬೇತಿಗಳಲ್ಲಿ ಚಾರ್ಟು ತೂಗುಹಾಕಿ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ತಂತ್ರಾಂಶ ಮಾರುವವರಂತೂ ಇದನ್ನೇ ಹಿಡಿದುಕೊಂಡಿದ್ದಾರೆ. ಈ ನಂಬಿಕೆಗೆ ತಕ್ಕ ಪುರಾವೆಯಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಮೂವರು ಸಂಗಡಿಗರು 2008ರಲ್ಲೇ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಹೇಳಿದ್ದಾರೆ. ಮಕ್ಕಳ ನಡುವೆ ವ್ಯತ್ಯಾಸವಿಲ್ಲವೆಂದು ಇದರ ಅರ್ಥವಲ್ಲ. ಒಬ್ಬಳಿಗೆ ಕಾಣುವುದಿಲ್ಲ, ಒಬ್ಬನಿಗೆ ಕೇಳುವುದಿಲ್ಲ, ಒಬ್ಬನಿಗೆ ಭಾಷೆ ಹೊಸದು, ಒಬ್ಬಳಿಗೆ ಹಿಂದಿನ ವರ್ಷದ ಭಾಗಾಕಾರವೇ ಬಂದಿಲ್ಲ. ಇವು ನಿಜವಾದ ವ್ಯತ್ಯಾಸಗಳು, ಶಿಕ್ಷಕರು ಒಂದು ವಾರ ಗಮನಿಸಿದರೆ ಗೊತ್ತಾಗುವಂಥವು. ಹತ್ತು ಪ್ರಶ್ನೆ ಕೇಳಿ ಮಗುವಿಗೆ ಶೈಲಿಯ ಹಣೆಪಟ್ಟಿ ಹಚ್ಚುವ ಆ್ಯಪಿಗೆ ದಯವಿಟ್ಟು ಹಣ ಹಾಕಬೇಡಿ.

ಯಂತ್ರ ಬಂದ ಮೇಲಿನ ಸಂಸಾರ ಇನ್ನೊಂದು ಕಥೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿದ್ದಾಗ ಕಿವಿ ಕೇಳದ ಹುಡುಗನೊಬ್ಬನಿಗೆ ಶಿಬಿರದಲ್ಲಿ ಶ್ರವಣಯಂತ್ರ ಸಿಕ್ಕಿತ್ತು. ಅವನು ಅದನ್ನು ಹಾಕಿಕೊಂಡು ಬಂದದ್ದನ್ನು ನಾನು ನೋಡಿದ್ದು ಮೂರು ವಾರ. ಕೇಳಿದಾಗ ಅವರಮ್ಮ ಗೂಡಿನಲ್ಲಿಟ್ಟಿದ್ದ ಕುಂಕುಮದ ಡಬ್ಬಿಯ ಪಕ್ಕದಿಂದ ಅದನ್ನು ತೆಗೆದು ತೋರಿಸಿದರು. ಒಂದೆರಡು ವಾರಕ್ಕೆ ತೀರಿಹೋಗುವ ಗುಂಡಿಯಂಥ ಸೆಲ್ಲು ಅವರ ಊರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸೆಲ್ಲಿದ್ದ ದಿನಗಳಲ್ಲೂ ಹಲಗೆಯ ಕಡೆ ತಿರುಗಿ ಮಾತಾಡುವ ಮೇಷ್ಟರ ದನಿಯೂ, ತಗಡಿನ ಮಾಡಿನ ಮೇಲಿನ ಸದ್ದೂ, ನಲವತ್ತು ಮಕ್ಕಳ ಗಲಾಟೆಯೂ ಒಟ್ಟಿಗೆ ಕಿವಿಗೆ ನುಗ್ಗುತ್ತಿತ್ತು ಎಂಬುದನ್ನು ನಾನು ತಡವಾಗಿ ಅರ್ಥ ಮಾಡಿಕೊಂಡೆ. ಮಕ್ಕಳ ಕಡೆ ಮುಖ ಮಾಡಿ ಮಾತಾಡುವುದು, ಕಪ್ಪು ಹಲಗೆಯ ಮೇಲೆ ಮುಖ್ಯ ಪದ ಬರೆಯುವುದು, ವಿಡಿಯೋ ತೋರಿಸುವಾಗ ಕೆಳಗೆ ಕನ್ನಡ ಅಕ್ಷರಗಳು ಓಡುವಂತಿರುವುದನ್ನೇ ಆರಿಸುವುದು, ಇವು ಆ ಹುಡುಗನಿಗೆ ಯಂತ್ರದಷ್ಟೇ ಮುಖ್ಯವಾಗಿದ್ದವು. ಸಾಧನ ಕೊಡುವವರು ಸೆಲ್ಲು, ಕೇಬಲ್ಲು, ರಿಪೇರಿಯ ಖರ್ಚನ್ನು ಮೂರು ವರ್ಷಕ್ಕಾದರೂ ಸೇರಿಸಿ ಕೊಡದಿದ್ದರೆ, ಅದು ಗೂಡು ಸೇರುವುದು ಖಂಡಿತ.

ಕರೆಂಟಿನ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ನಮ್ಮ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ತಿರುಗುತ್ತಿವೆ, ಅವುಗಳ ನೆರಳು ಬೀಳುವ ಶಾಲೆಯಲ್ಲಿ ಹನ್ನೊಂದು ಗಂಟೆಗೆ ಬೋರ್ಡ್ ಆರಿಹೋಗುತ್ತದೆ. ರಾತ್ರಿ ಚಾರ್ಜ್ ಮಾಡಿಟ್ಟ ಟ್ಯಾಬು ಮಾತ್ರ ನಡೆಯುತ್ತದೆ. ಆದರೆ ಓಟಿಪಿಯ ವಿಷಯವನ್ನು ಹೇಳಲೇಬೇಕು. ಮನೆಯಲ್ಲಿರುವ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೊತೆ ಎಣ್ಣೆ ಮಿಲ್ಲಿಗೋ ಮಂಡಿಗೋ ಹೋಗಿಬಿಡುತ್ತದೆ. ಪಾಠ ತೆರೆಯಬೇಕಾದರೆ ಪೋಷಕರ ನಂಬರಿಗೆ ಬಂದ ಆರಂಕಿ ಹಾಕಬೇಕೆನ್ನುವ ಆ್ಯಪು ಆ ಮಗುವಿನ ಪಾಲಿಗೆ ಬೀಗ ಹಾಕಿದ ಬಾಗಿಲು. ಇಂಟರ್ನೆಟ್ಟಿಲ್ಲದೆ, ನಂಬರು ಕೇಳದೆ, ಮಗುವಿನ ವಿವರಗಳನ್ನು ಯಾರಿಗೂ ರವಾನಿಸದೆ ಕೆಲಸ ಮಾಡುವುದನ್ನೇ ಕೊಳ್ಳಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಒಪ್ಪಿಗೆಯೆಂದು ಕರೆಯಲಾಗದು.

ಇಷ್ಟನ್ನು ಮುಂದಿಟ್ಟುಕೊಂಡು ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಖರೀದಿಗೆ ಟೆಂಡರ್ ಕರೆಯುವ ಮುನ್ನ ಪ್ರತಿ ಶಾಲೆಯಿಂದ ಒಂದು ಹಾಳೆ ತರಿಸಿ. ಯಾರಿಗೆ ಕಾಣುವುದಿಲ್ಲ, ಯಾರಿಗೆ ಕೇಳುವುದಿಲ್ಲ, ಯಾರು ಓದಲು ತಿಣುಕುತ್ತಾರೆ, ಯಾರ ಮನೆಮಾತು ಬೇರೆ, ಯಾರು ಎರಡು ತರಗತಿ ಹಿಂದಿದ್ದಾರೆ ಎಂಬುದು ಹೆಸರುಗಳಿಲ್ಲದೆ, ಬರೀ ಸಂಖ್ಯೆಯಾಗಿ ಅದರಲ್ಲಿರಲಿ. ರಾಜ್ಯದ ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಸ್ಯಾಟ್ಸ್‌ನಲ್ಲಿ ಮಾಹಿತಿ ಇದೆಯಲ್ಲ ಎಂದು ಹೇಳಬೇಡಿ. ಅಲ್ಲಿ ತುಂಬುವುದು ಪ್ರಮಾಣಪತ್ರವಿರುವ ಮಗುವಿನ ಲೆಕ್ಕ, ಯಾಪಾರಿ ಎಂದು ಓದುವ ಹುಡುಗನ ಲೆಕ್ಕವಲ್ಲ. ಆ ಹಾಳೆ ಕೈಯಲ್ಲಿದ್ದರೆ, ಒಂದು ಬೋರ್ಡಿನ ಹಣಕ್ಕೆ ಬದಲಾಗಿ ಹತ್ತು ಟ್ಯಾಬು, ಹತ್ತು ಇಯರ್‌ಫೋನು, ಒಂದು ಭೂತಗನ್ನಡಿ, ಒಂದು ಡಬ್ಬಿ ಸೆಲ್ಲು ಸಾಕೆಂದು ಹಲವು ಶಾಲೆಗಳ ವಿಷಯದಲ್ಲಿ ನಿಮಗೇ ತೋರುತ್ತದೆ. ಬೋರ್ಡೇ ಬೇಕಾದ ಶಾಲೆಗಳೂ ಇರುತ್ತವೆ, ಅವಕ್ಕೆ ಬೋರ್ಡೇ ಕೊಡಿ. ಹಣದ ಕೊರತೆಯೆನ್ನುವಂತೆಯೂ ಇಲ್ಲ. ಗಣಿಗಾರಿಕೆಯಿರುವ ನಮ್ಮ ಜಿಲ್ಲೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಅಂಗವಿಕಲರ ಕಲ್ಯಾಣವೂ ಇದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗುವ ಶಿಕ್ಷಕರಿಗೆ ಟಾಕ್‌ಬ್ಯಾಕ್ ಚಾಲೂ ಮಾಡುವುದು, ದನಿ ರೆಕಾರ್ಡ್ ಮಾಡುವುದು, ಹಳೆಯ ಫಾಂಟನ್ನು ಯೂನಿಕೋಡ್‌ಗೆ ಬದಲಾಯಿಸುವುದನ್ನು ಕಲಿಸಲು ಅರ್ಧ ದಿನ ಕೇಳಿಕೊಳ್ಳಬಹುದು. ನನಗೆ ಕಲಿಸಿದವರು ಅದಕ್ಕೆ ತೆಗೆದುಕೊಂಡದ್ದು ಒಂದು ಬಿಡುವಿನ ಪೀರಿಯಡ್ ಮಾತ್ರ.

ಆ ಹುಡುಗಿಗಾಗಿ ಏಳನೆಯ ತರಗತಿಯ ಸಮಾಜ ವಿಜ್ಞಾನ ಮತ್ತು ವಿಜ್ಞಾನದ ಪಾಠಗಳನ್ನು ನಾನೂ ನನ್ನ ಮಗಳೂ ಸೇರಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆವು. ಚಿತ್ರಗಳಿರುವಲ್ಲಿ ಅವುಗಳ ವಿವರಣೆಯನ್ನು ಮಾತಿನಲ್ಲಿ ಬರೆದಿದ್ದೇವೆ. ಹೃದಯದ ಚಿತ್ರಕ್ಕೆ ಒಂದೂವರೆ ಪುಟ ಹಿಡಿಯಿತು, ಅದನ್ನು ಅವಳು ಮೂರು ಸಲ ಕೇಳಿ, ಎಡಗೈ ಮುಷ್ಟಿಯನ್ನು ಎದೆಗಿಟ್ಟು, ಯಾವ ಕಡೆಯಿಂದ ಯಾವ ರಕ್ತ ಬರುತ್ತದೆಂದು ಬಲಗೈ ಬೆರಳಿನಲ್ಲಿ ತೋರಿಸಿದಳು. ಪಠ್ಯ ಅಲ್ಲಲ್ಲಿ ಬದಲಾಗಿರಬಹುದು, ಕಾಗುಣಿತದ ತಪ್ಪುಗಳೂ ಉಳಿದಿರಬಹುದು. ಕಡತಗಳು ನಮ್ಮ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರ ಬಳಿಯೂ ಇವೆ, ನನ್ನ ಬಳಿಯೂ ಇವೆ. ಬೇಕಾದ ಶಾಲೆಯವರು ಪೆನ್‌ಡ್ರೈವ್ ತಂದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕ
ಚಿತ್ರದುರ್ಗ